ಹಗ್ಗ ಸಮೇತ

ಆ ಬೆಳಿಗ್ಗೆ ಬಿಸಿಲು, ಮಳೆ, ಆಲಿಕಲ್ಲು ಮೂರೂ ಒಂದರ ಬೆನ್ನಿಗೊಂದು ಬಂದವು. ಎಲೆ ಉದುರುವ ಕಾಲದ ಕೊನೆಗೆ ನಮ್ಮ ತಾಜಿಮಾದ ಕೊಳ್ಳಗಳಿಗೆ ಕಡಲ ಕಡೆಯಿಂದ ನುಗ್ಗುವ ಗಾಳಿಯ ಬುದ್ಧಿಯೇ ಹಾಗೆ. ಬಟ್ಟೆ ಒಣಹಾಕುವಾಗ ನಗುತ್ತದೆ, ಬೆನ್ನು ತಿರುಗಿಸಿದೊಡನೆ ಉಗಿಯುತ್ತದೆ. ನಾನು ಗುಡಿಯಂಗಳ ಗುಡಿಸುವುದನ್ನು ಅರ್ಧಕ್ಕೆ ಬಿಟ್ಟು, ಫುಸಾಯೆಯ ಕೊಟ್ಟಿಗೆಯ ಸೂರಿನಡಿ ಬಂದು ನಿಂತಿದ್ದೆ.

ಒಳಗೆ ಹಾತ್ಸು ಎಂಬ ಕಪ್ಪು ಕಡಸು ಕಂಬಕ್ಕೆ ಮೈಯೊತ್ತಿ ನಿಂತಿತ್ತು. ಬೆದೆಗೆ ಬರಬೇಕಾದ ಕಾಲ ಕಳೆದು ತಿಂಗಳುಗಳಾಗಿದ್ದರೂ ಅದು ಒಮ್ಮೆಯೂ ಕೂಗಿರಲಿಲ್ಲ, ಜಿಗಿದಿರಲಿಲ್ಲ. ಅದಕ್ಕೇ ಫುಸಾಯೆ ಸೊನೊದಾನನ್ನು ಕರೆಸಿದ್ದಳು. ಗಬ್ಬ ಕಟ್ಟಿಸಲು ಹೋರಿಯ ಬೀಜವನ್ನು ಚೀಲದಲ್ಲಿಟ್ಟುಕೊಂಡು ಸೈಕಲ್ ಮೇಲೆ ಊರೂರು ತಿರುಗುವ ಅವನನ್ನು ನಮ್ಮ ಹೆಂಗಸರು ಚೀಲದ ಹೋರಿ ಎಂದು ಕರೆಯುತ್ತಿದ್ದರು. ಅವನೂ ಸಿಟ್ಟಾಗುತ್ತಿರಲಿಲ್ಲ.

"ಏನಪ್ಪ ಚೀಲದ ಹೋರಿ, ನಿನ್ನ ಮುಖ ಕಂಡು ನಾಚ್ಕೊಂಡಿದ್ದಾಳಾ ನಮ್ಮ ಹುಡುಗಿ?" ಎಂದಳು ಫುಸಾಯೆ.

ಸೊನೊದಾ ನಗಲಿಲ್ಲ. ಕೈ ಹೊರತೆಗೆದು, ಬಿಸಿನೀರಿನಲ್ಲಿ ತೊಳೆದು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡ.

"ಅಕ್ಕ, ಇದರ ಜೊತೆ ಹುಟ್ಟಿದ್ದು ಏನಾಯ್ತು?"

"ಜೊತೆ ಹುಟ್ಟಿದ್ದಾ? ಯಾವ್ದು?"

"ಇದು ಹೋರಿಗರು ಜೊತೆ ಹೊಟ್ಟೆ ಹಂಚ್ಕೊಂಡು ಬಂದದ್ದು. ಹೊರಗಿಂದ ನೋಡಿದ್ರೆ ಹೆಣ್ಣೇ. ಒಳಗೆ ಗರ್ಭಚೀಲ ಬೆಳ್ದೇ ಇಲ್ಲ. ನನ್ನಿಂದಾಗಲ್ಲ, ಯಾವ ಹೋರಿಯಿಂದಲೂ ಆಗಲ್ಲ."

ಸೂರಿನ ಮೇಲೆ ಆಲಿಕಲ್ಲು ಸುರಿಯಿತು. ಫುಸಾಯೆ ಹಾತ್ಸುವಿನ ಬೆನ್ನ ಮೇಲೆ ಇಟ್ಟ ಕೈ ತೆಗೆಯಲಿಲ್ಲ. ಅವಳ ಕತ್ತಿನ ನರ ಮಾತ್ರ ಹಗ್ಗದ ಹಾಗೆ ಬಿಗಿದದ್ದು ನನಗೆ ಕಂಡಿತು.

ಹೋರಿಗರುವಿನ ಜೊತೆ ಹುಟ್ಟಿದ ಹೆಣ್ಣುಕರು ಗೊಡ್ಡು ಎಂಬುದು ನಮ್ಮ ಕೊಳ್ಳದಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಹಾತ್ಸುವನ್ನು ಕೊಟ್ಟವನಿಗೆ ಗೊತ್ತಿಲ್ಲದಿರಲು ಸಾಧ್ಯವೇ ಇರಲಿಲ್ಲ. ಕೊಟ್ಟವನು ಫುಸಾಯೆಯ ಮೈದುನ ಇವಾವೊ.

ನಮ್ಮಲ್ಲಿ ಒಳ್ಳೆಯ ದನದ ಸಂತತಿಯನ್ನು ಬಳ್ಳಿ ಎನ್ನುತ್ತೇವೆ. ತಾಯಿಯಿಂದ ಮಗಳಿಗೆ, ಮಗಳಿಂದ ಅದರ ಮಗಳಿಗೆ ಹಬ್ಬುವ ಬಳ್ಳಿ. ಸಣ್ಣ ಮೂಳೆ, ತೆಳು ಚರ್ಮ, ರೇಷ್ಮೆಯಂಥ ಕೂದಲು, ಬೆನ್ನಿನ ಮೇಲೆ ಸರಿಯಾದ ಜಾಗದಲ್ಲಿ ಸುಳಿ, ಕೊಯ್ದರೆ ನಾಲಿಗೆಯ ಮೇಲೆ ಕರಗುವ ಮಾಂಸ, ಇವೆಲ್ಲ ಬಳ್ಳಿಯಲ್ಲೇ ಹರಿದು ಬರಬೇಕು, ಮೇವಿನಿಂದ ಬರುವುದಿಲ್ಲ. ತಿರುವಿನ ಮನೆ ಬಳ್ಳಿ ಎಂದರೆ ಕೋಬೆಯ ಕಟುಕರೂ ಟೋಪಿ ತೆಗೆಯುತ್ತಿದ್ದರು. ರಸ್ತೆ ತಿರುಗುವಲ್ಲಿರುವ ಆ ಮನೆಗೆ ಫುಸಾಯೆ ಸೊಸೆಯಾಗಿ ಬಂದಾಗ ಅತ್ತೆ ಅವಳ ಕೈಗೆ ಬೀಗದ ಕೈಗಿಂತ ಮೊದಲು ಕೊಟ್ಟದ್ದು ಹುಲ್ಲು ಕೊಯ್ಯುವ ಕುಡುಗೋಲನ್ನು.

ಬೆಟ್ಟದ ಹಿಮ ಕುಸಿದು ಬಿದ್ದ ವರ್ಷ ಅದರಡಿ ಸಿಕ್ಕಿ ಅವಳ ಗಂಡ ತೊಕುಜಿಯ ಬೆನ್ನು ಮುರಿಯಿತು. ಪಟ್ಟಣದ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂರಬೇಕು, ಇಲ್ಲಿ ದನಕ್ಕೆ ಹುಲ್ಲು ಹಾಕುವವರಿಲ್ಲ. ಬಳ್ಳಿಯಲ್ಲಿ ಆಗ ಉಳಿದಿದ್ದದ್ದು ಕಿಕುನೊ ಎಂಬ ಹಸು ಒಂದೇ. ಇಂಥ ಕಷ್ಟಕ್ಕೆ ನಮ್ಮಲ್ಲಿ ಹಿಂದಿನಿಂದ ಬಂದ ದಾರಿಯೊಂದಿದೆ. ಹಸುವನ್ನು ಇನ್ನೊಂದು ಮನೆಗೆ ಒಪ್ಪಿಸುವುದು. ಹಸು ಅವರಿಗೆ, ಹುಟ್ಟುವ ಮೊದಲ ಹೆಣ್ಣುಕರು ನಮಗೆ. ಒಪ್ಪಿಸುವವರು ಆಡುವ ಮಾತೊಂದೇ: "ಬಳ್ಳಿ ತಿರುಗಿ ಬರಲಿ." ಕರುವನ್ನು ಹಿಂದಕ್ಕೆ ತರುವವರು ಹಗ್ಗ ಸಮೇತ ಕೊಟ್ಟು ಬರಿಗೈಯಲ್ಲಿ ಹೋಗುತ್ತಾರೆ. ಹಗ್ಗ ಬಿಚ್ಚಿಕೊಂಡು ಹೋಗುವುದು ಸಂತೆಯ ಪದ್ಧತಿ. ಅಲ್ಲಿ ಮಾರುವುದು ಬರೀ ದನವನ್ನು, ಬಳ್ಳಿಯನ್ನಲ್ಲ.

ಅಂದು ಗಂಡನನ್ನು ಗಾಡಿಯಲ್ಲಿ ಮಲಗಿಸಿದ್ದರು. ಫುಸಾಯೆ ಒಂದು ಕಾಲು ಗಾಡಿಯ ಮೇಲಿಟ್ಟುಕೊಂಡೇ ಮೈದುನನಿಗೆ ಕೂಗಿ ಹೇಳಿದಳು: "ಕಿಕುನೊನ ಕರ್ಕೊಂಡೋಗು ಇವಾವೊ! ಮೊದಲ್ನೇ ಹೆಣ್ಣುಕರು ನಂಗ್ ಕೊಟ್ಬಿಡು!" ನಾನು ಅಲ್ಲೇ ಇದ್ದೆ. ಯಾರ ಕಿವಿಗೂ ಆ ಮಾತು ತಪ್ಪಾಗಿ ಕೇಳಲಿಲ್ಲ.

ತೊಕುಜಿ ಉಳಿಯಲಿಲ್ಲ. ಅವನ ಮೊದಲ ವರ್ಷದ ಪೂಜೆ ಮುಗಿದ ಮೇಲೆ ಇವಾವೊ ಹಾತ್ಸುವನ್ನು ತಂದು ಕಟ್ಟಿದ. "ಹೊಸಾ ನಾರಿನ ಹಗ್ಗ ಅತ್ತಿಗೆ, ಮನೇಲಿ ಬೇರೆ ಇಲ್ಲ," ಎಂದು ನಗುತ್ತ ಹಗ್ಗ ಬಿಚ್ಚಿ ಸುತ್ತಿಕೊಂಡು ಹೋದ. ಫುಸಾಯೆ ಕರುವಿನ ಕುತ್ತಿಗೆ ತಬ್ಬಿಕೊಂಡು ಅಳುತ್ತಿದ್ದಳು. ಹಗ್ಗದ ಕಡೆ ನೋಡುವ ಸ್ಥಿತಿಯಲ್ಲಿ ಇರಲಿಲ್ಲ.

ಈಗ ನೋಡಿದಳು. ಸೊನೊದಾನ ಸೈಕಲ್ ಇನ್ನೂ ಸೇತುವೆ ದಾಟಿರಲಿಲ್ಲ, ಇವಳು ಕೊಡೆಯನ್ನೂ ಹಿಡಿಯದೆ ಕವಲು ಮನೆಯ ಕಡೆ ಹೊರಟಳು. ತಮ್ಮನಿಗೆಂದು ಬೇರೆ ಕಟ್ಟಿದ ಮನೆಯನ್ನು ಊರವರು ಹಾಗೇ ಕರೆಯುವುದು. ನಾನು ಕೊಡೆ ಹಿಡಿದು ಹಿಂದೆ ಓಡಿದೆ.

ಇವಾವೊ ಕೊಟ್ಟಿಗೆಯಲ್ಲಿದ್ದ. ಕಿಕುನೊ ಎರಡನೆಯ ಸಲ ಈದ ಕರು ಸುಜುವನ್ನು ಹುಲ್ಲಿನ ಕುಂಚದಿಂದ ತಿಕ್ಕುತ್ತಿದ್ದ. ಆರು ತಿಂಗಳ ಆ ಕರುವಿನ ಮೈ ಒರೆಸಿದ ಮೆರುಗೆಣ್ಣೆಯ ಹಾಗಿತ್ತು.

"ಬನ್ನಿ ಅತ್ತಿಗೆ. ಅಯ್ಯೋ, ನೆಂದುಬಿಟ್ಟಿದ್ದೀರಿ..."

"ಹಾತ್ಸು ಜೊತೆ ಹುಟ್ಟಿದ ಹೋರಿಗರುನ ಎಲ್ಲಿ ಹೂತೆ?"

ಕುಂಚ ಒಂದು ಗಳಿಗೆ ನಿಂತು ಮತ್ತೆ ಆಡಿತು. "ಹಿತ್ತಿಲಲ್ಲಿ. ಹುಟ್ಟಿದ ದಿನವೇ ಹೋಯ್ತು ಅದು."

ಅವನು ಸುಳ್ಳು ಹೇಳಿದ್ದರೆ ಅವಳಿಗೆ ಜಗಳವಾಡಲು ಏನಾದರೂ ಸಿಗುತ್ತಿತ್ತು. ಅವನು ಸುಳ್ಳು ಹೇಳಲಿಲ್ಲ.

"ಗೊತ್ತಿದ್ದೂ ತಂದು ಕಟ್ಟಿದ್ಯಾ?"

"ಹತ್ತರಲ್ಲಿ ಒಂದು ಗಬ್ಬ ಆಗುತ್ತೆ ಅಂತಾರೆ ಅತ್ತಿಗೆ."

"ಅಂತಾರಾ! ಹಾಗಾದ್ರೆ ಆ ಹತ್ತರಲ್ಲಿ ಒಂದನ್ನ ನಿನ್ನ ಕೊಟ್ಟಿಗೇಲಿ ಕಟ್ಕೊಳ್ಳೋ. ಸುಜುನ ನಂಗ್ ಕೊಡು."

"ಸುಜು ಎರಡನೇದು. ಮಾತಿದ್ದದ್ದು ಮೊದಲನೇದಕ್ಕೆ." ಅವನು ಕುಂಚವನ್ನು ಕೆಳಗಿಟ್ಟು, ಮೊದಲ ಸಲ ಅವಳ ಮುಖ ನೋಡಿದ. "ನೀವು ಕೇಳಿದ್ದು ಹೆಣ್ಣುಕರು. ಕೊಟ್ಟೆ. ಅದಕ್ಕೆ ಹೆಣ್ಣಿಗೆ ಇರೋದೆಲ್ಲ ಇತ್ತು. ಬಳ್ಳಿ ತಿರುಗಿ ಬರ್ಲಿ ಅಂತ ನೀವು ಅನ್ಲಿಲ್ಲ."

"ನಿನ್ನ ಅಣ್ಣ ಗಾಡೀಲಿ ನರಳ್ತಾ ಇದ್ದ."

"ಇದ್ದ. ನಾನೇ ಎತ್ತಿ ಮಲಗ್ಸಿದ್ದು." ಇವಾವೊನ ದನಿಯೂ ಏರಿತು. "ಹುಟ್ಟಿದಾಗಿಂದ ಕವಲು ಮನೆ, ಕವಲು ಮನೆ ಅನ್ನಿಸ್ಕೊಂಡೆ. ಹುಲ್ಲು ಕೊಯ್ಯೋಕೆ ನಾನು, ಬಹುಮಾನ ಹಿಡಿಯೋಕೆ ಅಣ್ಣ. ಒಂದೇ ಒಂದು ಸಲ ನನ್ನ ಕೊಟ್ಟಿಗೆಯಿಂದ ಒಂದು ಕಡಸು ಪ್ರದರ್ಶನದ ಮೈದಾನಕ್ಕೆ ಹೋದ್ರೆ ನಿಮ್ಮ ತಿರುವಿನ ಮನೆ ಬಿದ್ದೋಗುತ್ತಾ?"

"ಕೇಳಿದ್ರೆ ಕೊಡ್ತಿದ್ದೆ."

"ಅದೇ. ಕೇಳ್ಬೇಕು."

ಅವನ ಹೆಂಡತಿ ಕಿನು ಬಾಗಿಲ ಸಂದಿಯಲ್ಲಿ ಒದ್ದೆ ಕೈಗಳನ್ನು ಹಾಗೇ ಹಿಡಿದು ನಿಂತಿದ್ದಳು. ಆಚೆ ಕಂಬದಲ್ಲಿ ಕಿಕುನೊ ಹಳೆಯ ಒಡತಿಯ ದನಿ ಗುರುತಿಸಿ ಕತ್ತು ಚಾಚಿತು. ಫುಸಾಯೆ ಅದರ ಕಡೆ ನೋಡದೆ ಹೊರಗೆ ಬಂದಳು.

ದಾರಿಯಲ್ಲಿ ನನ್ನ ಗುಡಿಯ ಬಾಗಿಲಿನ ಕಲ್ಲಿನ ಮುಂದೆ ನಿಂತಳು. ಆ ಕಲ್ಲಿನಲ್ಲಿ ಕೊರೆದಿರುವುದು ಕುದುರೆ ತಲೆಯ ಕಾನ್ನೊನ್ ದೇವಿ, ದನಕರುಗಳನ್ನು ಕಾಯುವವಳು. ಕೊಳ್ಳದಲ್ಲಿ ದನ ಸತ್ತರೂ ಮಾರಿದರೂ ಅದರ ಮೂಗಿನ ಬಳೆಯನ್ನು ತಂದು ಆ ಕಲ್ಲಿಗೆ ತೂಗುಹಾಕುವುದು ವಾಡಿಕೆ.

"ಗುಡಿಯಮ್ಮ, ನಿಮ್ಮ ದೇವೀಗೆ ಹೇಳ್ಬಿಡಿ. ಕ್ಷಮಿಸು ಗಿಮಿಸು ಅಂತ ನನ್ನ ಕನಸಲ್ಲಿ ಬರೋದ್ ಬೇಡ."

ಕೋಪ ಮನುಷ್ಯನನ್ನು ಸುಡುವ ಮನೆ ಎಂದು ನಮ್ಮ ಗ್ರಂಥಗಳು ಹೇಳುತ್ತವೆ. ನನ್ನ ಗಂಡ ಬದುಕಿರುವವರೆಗೂ ಅದನ್ನೇ ಬೋಧಿಸಿದರು, ಅವರ ನಂತರ ನಾನೂ ಅದನ್ನೇ ಹೇಳಿಕೊಂಡು ಬಂದೆ. ಆದರೆ ಅಂದು ಫುಸಾಯೆಗೆ ಹೇಳಲು ಬಾಯಿ ಬರಲಿಲ್ಲ. ಅವಳ ಕೋಪದಲ್ಲಿ ನನಗೆ ಹೊಗೆ ಕಾಣಲಿಲ್ಲ. ಕುಲುಮೆಯ ಬೆಂಕಿಯ ಹಾಗೆ ಒಂದೇ ಸಮನೆ ಉರಿಯುತ್ತಿತ್ತು.

ಅವಳು ಯಾರ ಮುಂದೂ ಬೈಯಲಿಲ್ಲ, ಪಂಚಾಯಿತಿ ಕರೆಯಲಿಲ್ಲ. ಹಾತ್ಸುವನ್ನು ಕೊಬ್ಬಿಸತೊಡಗಿದಳು.

ಈಯದ ಹೆಣ್ಣುದನದ ಮಾಂಸಕ್ಕಿಂತ ರುಚಿಯಾದದ್ದು ಇಲ್ಲ ಎಂಬುದು ತಿನ್ನುವವರ ಮಾತು. ನಮ್ಮದು ಈಯುವ ದನದ ಕೊಳ್ಳ. ಕರು ಸಾಕಿ ಮಾರುತ್ತೇವೆ, ಕೊಬ್ಬಿಸುವವರು ಬಯಲುಸೀಮೆಯವರು. ಕಟುಕನಿಗಾಗಿ ದನ ಬೆಳೆಸುವುದು ನಮ್ಮ ಹಿರಿಯ ಮನೆಗಳಿಗೆ ಒಂದು ಮೆಟ್ಟಿಲು ಇಳಿದ ಹಾಗೆ. ಫುಸಾಯೆ ಇಳಿದಳು. ಬಾರ್ಲಿ ಬೇಯಿಸಿದಳು, ತೌಡು ಹುರಿದಳು, ತೋಫು ಮಾಡುವವರ ಮನೆಯಿಂದ ಸೋಯಾ ಚರಟ ಹೊತ್ತು ತಂದಳು. ಹಸಿ ಹುಲ್ಲು ನಿಲ್ಲಿಸಿ ಒಣ ಹುಲ್ಲನ್ನು ಬೆರಳುದ್ದ ಕತ್ತರಿಸಿ ಹಾಕಿದಳು. ಬೆಳಿಗ್ಗೆ ಮೈ ತಿಕ್ಕಿದಳು, ಮಧ್ಯಾಹ್ನ ಗೊರಸು ಒರೆಸಿದಳು. ಸಂಜೆ ಹಾತ್ಸುವನ್ನು ಹಿಡಿದು ತಿರುಗಾಡಿಸಲು ಹೊರಟರೆ ದಾರಿ ಯಾವತ್ತೂ ಒಂದೇ, ಇವಾವೊನ ಕೊಟ್ಟಿಗೆಯ ಮುಂದಿನದು. ಒಳಗಿನಿಂದ ಕಿಕುನೊ ಕೂಗುತ್ತಿತ್ತು. ಹಾತ್ಸು ನಿಂತು ಉತ್ತರ ಕೊಡುತ್ತಿತ್ತು. ಫುಸಾಯೆ ಎಳೆಯುತ್ತಿರಲಿಲ್ಲ, ತಾಯಿ ಮಗಳ ಮಾತು ಮುಗಿಯುವವರೆಗೂ ಆ ಬಾಗಿಲ ಮುಂದೆ ಕಾಯುತ್ತಿದ್ದಳು.

"ಇದೆಂಥ ಹಟ ಫುಸಾಯೆ," ಎಂದೆ ಒಂದು ಸಂಜೆ.

"ಹಟ ಅಲ್ಲ, ಗುಡಿಯಮ್ಮ. ಅವನು ಕೊಟ್ಟದ್ದನ್ನ ಚೆನ್ನಾಗಿ ಇಟ್ಕೊಂಡಿದ್ದೀನಿ ಅಂತ ತೋರಿಸ್ತಿದ್ದೀನಿ. ಮರ್ಯಾದೆ."

ಬೇಸಿಗೆಯಲ್ಲಿ, ಸತ್ತ ಹಿರಿಯರು ಮನೆಗೆ ಬರುವ ಹಬ್ಬದ ದಿನಗಳು ಬಂದವು. ಕವಲು ಮನೆಯವರು ಮೊದಲ ದಿನವೇ ಹಿರಿಮನೆಯಾದ ತಿರುವಿನ ಮನೆಗೆ ಬಂದು ಅಲ್ಲಿನ ಪೂಜಾಪೀಠದ ಮುಂದೆ ತಲೆಬಾಗಬೇಕು. ಇವಾವೊನ ತಂದೆತಾಯಿ, ಅಣ್ಣ ಎಲ್ಲರ ಹೆಸರು ಬರೆದ ಫಲಕಗಳೂ ಅಲ್ಲೇ ಇರುವುದು. ನಾನು ಸ್ತೋತ್ರ ಹೇಳಲು ಒಳಗೆ ಕೂತಿದ್ದೆ. ಇವಾವೊ ಒಳ್ಳೆಯ ಬಟ್ಟೆ ಹಾಕಿಕೊಂಡು, ಕಲ್ಲಂಗಡಿ ಹಣ್ಣು ಹಿಡಿದು, ಕಿನುವಿನ ಜೊತೆ ಅಂಗಳಕ್ಕೆ ಬಂದ. ಫುಸಾಯೆ ಜಾರುಬಾಗಿಲನ್ನು ಒಂದು ಗೇಣು ಸರಿಸಿದಳು.

"ಅಲ್ಲಿಂದ್ಲೇ ಹೇಳು ನಿಮ್ಮಣ್ಣನಿಗೆ. ಕಿವಿ ಚುರುಕು ಅವನಿಗೆ, ಕೇಳುತ್ತೆ."

"ಅತ್ತಿಗೆ, ನಾಲ್ಕು ಜನ ನೋಡ್ತಿದ್ದಾರೆ."

"ಹೌದಾ? ಜೊತೆಗೊಂದು ಗಂಡಿತ್ತು ಅಂತ ನಿಮ್ಮಣ್ಣನಿಗೆ ಹೇಳೋಕೆ ನಾಚಿಕೆ ಆದ್ರೆ ಪಿಸುಗುಟ್ಟು. ಬಳ್ಳಿ ಅಂತ ನಾವು ಅನ್ಲಿಲ್ಲ, ಅದಕ್ಕೆ ಕೊಡ್ಲಿಲ್ಲ ಅಂತ ಹೇಳು."

ಬಾಗಿಲು ಮುಚ್ಚಿತು. ಅಂಗಳದಲ್ಲಿ ಬಹಳ ಹೊತ್ತು ಹೆಜ್ಜೆಯ ಸದ್ದಿರಲಿಲ್ಲ. ನಾನು ಸ್ತೋತ್ರವನ್ನು ಸ್ವಲ್ಪ ಗಟ್ಟಿಯಾಗಿ ಹೇಳಿದೆ, ಹೊರಗಿನವರಿಗೂ ಮುಟ್ಟಲಿ ಎಂದು. ಅದು ಫುಸಾಯೆಗೂ ಗೊತ್ತಾಯಿತು. ಕೆಂಗಣ್ಣು ಬಿಟ್ಟಳು, ತಡೆಯಲಿಲ್ಲ.

ಭತ್ತ ಕೊಯ್ದಾದ ಮೇಲೆ ಹೊಳೆದಂಡೆಯ ಮೈದಾನದಲ್ಲಿ ಕೊಬ್ಬಿದ ದನಗಳ ಪ್ರದರ್ಶನ. ಈಯುವ ಕಡಸುಗಳ ಪ್ರದರ್ಶನ ಅದಾದ ಎರಡು ವಾರಕ್ಕೆ. ಇವಾವೊ ಸುಜುವನ್ನು ಅದಕ್ಕೆ ಅಣಿಗೊಳಿಸುತ್ತಿರುವುದು ಇಡೀ ಕೊಳ್ಳಕ್ಕೆ ಗೊತ್ತಿತ್ತು. ಫುಸಾಯೆ ಹಾತ್ಸುವನ್ನು ಹಿಡಿದು ಮೈದಾನಕ್ಕೆ ಕಾಲಿಟ್ಟಾಗ ಬೇಲಿಯ ಬದಿಯ ಗಂಡಸರು ತಲೆ ಹತ್ತಿರ ತಂದರು.

"ತಿರುವಿನ ಮನೆಯವಳು ಮಾಂಸದ ಸಾಲಲ್ಲಿ!"

"ಗಂಡ ಸತ್ತ, ಬಳ್ಳಿ ಸತ್ತಿತು. ಇನ್ನೇನು, ಅಂಗಡಿ ತೆಗೀಲಿ."

ಹಾತ್ಸು ನಾಲ್ಕು ಕಾಲೂ ಸರಿಯಾಗಿ ಊರಿ, ತಲೆಯೆತ್ತಿ, ಬೆನ್ನು ನೀರಿನ ಮಟ್ಟ ಹಿಡಿದ ಹಾಗೆ ನಿಂತಿತು. ತೀರ್ಪುಗಾರ ಪಕ್ಕೆ ಹಿಡಿದು ನೋಡಿದ, ಬಾಲದ ಬುಡ ಹಿಚುಕಿದ, ಒಂದು ಸುತ್ತು ಬಂದು ಮತ್ತೆ ಅದೇ ಜಾಗ ಹಿಚುಕಿದ. ಉಳಿದ ದನಗಳ ಬಳಿ ಅವನು ಅಷ್ಟು ಹೊತ್ತು ನಿಲ್ಲಲಿಲ್ಲ. ಮೊದಲ ಬಹುಮಾನದ ಕೆಂಪು ಬಟ್ಟೆಯನ್ನು ಹಾತ್ಸುವಿನ ಬೆನ್ನಿಗೆ ಹೊದಿಸಿ, ಧ್ವನಿವರ್ಧಕ ಹಿಡಿದವನು ಎಂದಿನಂತೆ ಕೇಳಿದ:

"ಯಾವ ಬಳ್ಳಿ, ತಾಯಿ?"

ಇವಾವೊ ಬೇಲಿಗೆ ಮೊಣಕೈ ಊರಿ ನಿಂತಿದ್ದ. ಫುಸಾಯೆ ಅವನ ಕಡೆಗೇ ತಿರುಗಿ ಹೇಳಿದಳು:

"ಬಳ್ಳಿ ಇಲ್ಲ. ಇಲ್ಲಿಗೆ ಮುಗೀತು."

ಜನ ಚಪ್ಪಾಳೆ ಮರೆತರು. ಇವಾವೊ ಮೊಣಕೈ ತೆಗೆದ, ಮತ್ತೆ ಎಲ್ಲಿಡಬೇಕೆಂದು ತಿಳಿಯದವನಂತೆ ಕೈ ಜೋತುಬಿಟ್ಟು ನಿಂತ.

ಕೊಂಡ ಕಟುಕ ಕೋಬೆಯವನು, ಮಾತು ಕಡಿಮೆ. ಒಂದು ತುಂಡು ಮಾಂಸ ತನಗೆ ಹಿಂದಕ್ಕೆ ಬೇಕೆಂದು ಫುಸಾಯೆ ಕೇಳಿದಾಗ ಅವನು ಅವಳನ್ನು ವಿಚಿತ್ರವಾಗಿ ನೋಡಿದ. ದನ ಸಾಕಿದ ಮನೆಯವರು ಸಾಕಿದ್ದನ್ನು ತಿನ್ನುವುದಿಲ್ಲ. ಯಾರೂ ಕಲಿಸಿದ್ದಲ್ಲ, ತಿನ್ನುವುದಿಲ್ಲ ಅಷ್ಟೆ. ಆದರೂ ಅವನು ಕೊಟ್ಟ ಮಾತಿನಂತೆ ಬಿದಿರಿನ ಹಾಳೆಯಲ್ಲಿ ಸುತ್ತಿದ ಕಟ್ಟನ್ನು ಬಸ್ಸಿನಲ್ಲಿ ಕಳಿಸಿದ, ಮೇಲೆ ಮೂಗಿನ ಬಳೆಯನ್ನು ಪ್ರತ್ಯೇಕವಾಗಿ ಕಾಗದದಲ್ಲಿ ಮಡಿಸಿಟ್ಟು.

ಫುಸಾಯೆ ಬಳೆಯನ್ನು ನನ್ನ ಕೈಗೆ ಕೊಟ್ಟಳು. ದೇವಿಯ ಕಲ್ಲಿಗೆ ನಾನೇ ಕಟ್ಟಿದೆ. ಅವಳು ಪಕ್ಕದಲ್ಲಿ ನಿಂತು ನೋಡಿದಳು, ಅಳಲಿಲ್ಲ. ಕೊನೆಯ ಬೆಳಿಗ್ಗೆ ಗದ್ದೆಯ ಬದುವಿನ ಹಸಿ ಹುಲ್ಲು ಒಂದು ಹೊರೆ ಕೊಯ್ದು ಹಾತ್ಸುವಿಗೆ ಹಾಕಿದ್ದಳಂತೆ. ಒಂದು ವರ್ಷದಿಂದ ಕೊಡದೆ ಇಟ್ಟಿದ್ದ ಹುಲ್ಲು. ಅದು ತಿನ್ನುವ ಸದ್ದು ಇನ್ನೂ ಕೇಳುತ್ತಿದೆ ಎಂದಳು.

ಆಮೇಲೆ, "ಒಂದು ಕಟ್ಟು ಈರುಳ್ಳಿ ದಂಟು ತನ್ನಿ ಗುಡಿಯಮ್ಮ," ಎಂದಳು. "ಇವಾವೊನ ಮನೇಲಿ ಊಟ ನಮಗೆ."

ಮಧ್ಯಾಹ್ನದ ಹೊತ್ತು. ಅವಳು ತನ್ನ ಕಬ್ಬಿಣದ ಬಾಣಲೆ ಹೊತ್ತು ಕವಲು ಮನೆಯ ಒಳಗೆ ನಡೆದಳು, ಕೇಳಲಿಲ್ಲ, ಕೂರಿ ಎನ್ನಿಸಿಕೊಳ್ಳಲಿಲ್ಲ. ಒಲೆಯ ಮುಂದೆ ಕೂತು ಬಾಣಲೆಗೆ ಕೊಬ್ಬು ತಿಕ್ಕಿದಳು. ಬಿದಿರಿನ ಹಾಳೆ ಬಿಚ್ಚಿದಾಗ ಕಿನು ಉಸಿರೆಳೆದುಕೊಂಡಳು. ಚೆರ್ರಿ ಹೂವಿನ ಬಣ್ಣದ ಮಾಂಸದಲ್ಲಿ ಬಿಳಿ ಗೆರೆಗಳು ಬೆಳಗಿನ ಹಿಮದ ಹಾಗೆ ಹರಡಿದ್ದವು. ಬಾಣಲೆ ಸದ್ದು ಮಾಡಿತು. ಸಕ್ಕರೆ, ಸೋಯಾ ಸಾರ, ಈರುಳ್ಳಿ ದಂಟು. ಮನೆಯೆಲ್ಲ ಸಿಹಿ ಘಮ ತುಂಬಿತು. ಹೇಳಲು ನಾಚಿಕೆ, ನನ್ನ ಬಾಯಲ್ಲೂ ನೀರು ಬಂತು.

"ಬಾ, ಕೂತ್ಕೋ," ಎಂದಳು ಮೈದುನನಿಗೆ.

"ಇದು... ಹಾತ್ಸುನಾ?"

"ಹೆಸರಿನಿಂದ ನಿನಗೇನು? ತಿನ್ನು."

"ನಮ್ಮ ಕೊಟ್ಟಿಗೇಲಿ ಹುಟ್ಟಿದ್ದು ಅತ್ತಿಗೆ. ಉಸಿರಿರ್ಲಿಲ್ಲ ಅದಕ್ಕೆ. ಹುಲ್ಲಿಂದ ತಿಕ್ಕಿ, ಮೂಗಿಗೆ ಬಾಯಿಟ್ಟು ಊದಿ ಉಳಿಸಿದ್ದು ನಾನು. ಹೆಂಗೆ ತಿನ್ಲಿ?"

"ಓ, ಉಳಿಸಿದ್ಯಾ!" ಫುಸಾಯೆ ಮಾಂಸ ತಿರುವುತ್ತಿದ್ದ ಕಡ್ಡಿಗಳನ್ನು ಬಾಣಲೆಯ ಅಂಚಿಗೆ ಟಕಟಕ ಬಡಿದಳು. "ಕರು ಕೊಟ್ಟೆ, ಬಳ್ಳಿ ಅಲ್ಲ ಅಂದವನು ನೀನು. ಬಳ್ಳಿ ಇಲ್ಲದ ದನ ಏನು? ಮಾಂಸ. ನೀನು ಅವತ್ತು ನನ್ನ ಕೊಟ್ಟಿಗೇಲಿ ಕಟ್ಟಿ ಹೋದದ್ದು ಇದನ್ನೇ. ಈ ಬಾಣಲೇಲಿರೋದನ್ನ. ನಾನು ಬೇಯಿಸಿ ತಂದೆ ಅಷ್ಟೆ. ತಿನ್ನೋ!"

ಹೊರಗೆ ಕೊಟ್ಟಿಗೆಯಲ್ಲಿ ಕಿಕುನೊ ಒಮ್ಮೆ ಕೂಗಿತು. ನಮ್ಮಲ್ಲಿ ಯಾರೂ ಅತ್ತ ತಿರುಗಲಿಲ್ಲ.

ಇವಾವೊ ಊಟದ ಕಡ್ಡಿ ಎತ್ತಿಕೊಂಡ. ಒಂದು ತುಂಡು ಬಾಯಿಗಿಟ್ಟ. ಅಗಿಯುವ ಕೆಲಸವೇ ಇರಲಿಲ್ಲ. ಅದು ಬಾಯಲ್ಲಿ ಇಲ್ಲವಾಯಿತು. ಫುಸಾಯೆಯೂ ತಿಂದಳು. ನಮು ಅಮಿದ ಬುತ್ಸು ಎಂದು ಮನಸ್ಸಿನಲ್ಲೇ ಬುದ್ಧನ ನಾಮ ಹೇಳಿಕೊಂಡು ನಾನೂ ಒಂದು ತುಂಡು ತಿಂದೆ. ಈ ವಯಸ್ಸಿನವರೆಗೆ ನಾನು ತಿಂದ ಯಾವುದೂ ಅಷ್ಟು ರುಚಿಯಾಗಿರಲಿಲ್ಲ.

"ಹೇಗಿದೆ?" ಎಂದಳು.

ಅವನು ಕಡ್ಡಿ ಕೆಳಗಿಟ್ಟ.

"ಚೆನ್ನಾಗಿದೆ ಅತ್ತಿಗೆ."

"ಚೆನ್ನಾಗಿರಬೇಕು. ತಿರುವಿನ ಮನೇದು." ಅವಳು ಎದ್ದು ನಿಂತಳು. ಅಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಆಗ ಒಡೆಯಿತು. "ಈ ರುಚಿ ಇನ್ನು ನನ್ನ ಕೊಟ್ಟಿಗೇಲಿ ಹುಟ್ಟಲ್ಲ. ಹೊಟ್ಟೆ ತುಂಬ ತಿನ್ನು. ಬಾಣಲೆ ತೊಳೆದು ಆಮೇಲೆ ತಂದ್ಕೊಡು."

ಕಿನು ನಮ್ಮನ್ನು ಬಾಗಿಲವರೆಗೆ ಕಳಿಸಲು ಬರಲಿಲ್ಲ. ಒಳಗೆ ಗಂಡನಿಗೆ ಅವಳು ಹೇಳಿದ್ದು ಅಂಗಳಕ್ಕೆ ಕೇಳಿತು: "ಆ ಹಗ್ಗ ಬಿಚ್ಕೊಂಡು ಬಂದ ದಿನಾನೇ ಹೇಳಿದ್ದೆ ನಾನು. ಹೇಳಿದ್ನೋ ಇಲ್ವೋ?"

ಮಾರನೆಯ ದಿನ ಅವನು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಫುಸಾಯೆ ಖಾಲಿ ಕೊಟ್ಟಿಗೆಯನ್ನು ಗುಡಿಸಿದಳು, ಗೋದಲಿ ತೊಳೆದು ಬೋರಲು ಹಾಕಿದಳು. "ಸೌದೆ ತುಂಬಿಸ್ತೀನಿ ಇದಕ್ಕೆ," ಎಂದಳು. ಅವಳ ಕೋಪ ಆರಿರಲಿಲ್ಲ, ಅದಕ್ಕೆ ಹಾಕಲು ಸೌದೆ ಮುಗಿದಿತ್ತು.

ಈಯುವ ಕಡಸುಗಳ ಪ್ರದರ್ಶನಕ್ಕೆ ಇನ್ನೇನು ಮೂರೋ ನಾಲ್ಕೋ ದಿನ ಇದ್ದಿರಬೇಕು. ನಾನು ಗುಡಿಯ ಬಾಗಿಲಲ್ಲಿ ಎಲೆ ಗುಡಿಸುತ್ತಿದ್ದೆ. ಇವಾವೊ ದಾರಿಯಲ್ಲಿ ಬಂದ. ಒಂದು ಕೈಯಲ್ಲಿ ಬಾಣಲೆ, ಇನ್ನೊಂದರಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಸುಜು. ಮೈದಾನಕ್ಕೆ ಹೊರಟ ಹಾಗೆ ತಿಕ್ಕಿ ಬಾಚಿದ ಮೈ, ಎಣ್ಣೆ ಒರೆಸಿದ ಗೊರಸು. ದೇವಿಯ ಕಲ್ಲಿನ ಮುಂದೆ ಅವನು ನಿಂತು ತೂಗಾಡುವ ಬಳೆಗಳಲ್ಲಿ ಹೊಸದು ಯಾವುದೆಂದು ಹುಡುಕಿದ. ಕೈ ಮುಗಿಯಲು ಎರಡು ಕೈಯೂ ಬಿಡುವಿರಲಿಲ್ಲ, ತಲೆ ಬಗ್ಗಿಸಿದ. ನಾನು ಪೊರಕೆ ಬಿಟ್ಟು ಸ್ವಲ್ಪ ದೂರದಲ್ಲಿ ಹಿಂದೆಯೇ ಹೋದೆ.

ಫುಸಾಯೆ ಅಂಗಳದಲ್ಲಿ ಸೌದೆ ಜೋಡಿಸುತ್ತಿದ್ದಳು. ಮೊದಲು ಕಂಡದ್ದು ಸುಜು, ಆಮೇಲೆ ಅವನು. ಅವಳ ಮುಖ ಮತ್ತೆ ಗಂಟಾಯಿತು.

"ಏನು, ಮೈದಾನಕ್ಕೆ ಮೊದ್ಲು ನಂಗೆ ತೋರ್ಸಿ ಹೊಟ್ಟೆ ಉರ್ಸೋಕ್ ಬಂದ್ಯಾ?"

"ಬಾಣಲೆ ಕೊಡೋಕ್ ಬಂದೆ ಅತ್ತಿಗೆ."

ಬಾಣಲೆಯನ್ನು ಜಗಲಿಯ ಮೇಲೆ ಇಟ್ಟ. ಬೂದಿ ಹಾಕಿ ತಿಕ್ಕಿ, ಒಣಗಿಸಿ, ಎಣ್ಣೆ ಸವರಿದ್ದ. ಆಮೇಲೆ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ. ಅಂದು ಬಿಚ್ಚಿಕೊಂಡು ಹೋಗಿದ್ದ ಅದೇ ನಾರಿನ ಹಗ್ಗ, ಈಗ ಹಳೆಯದಾಗಿ ಕೈ ಉಜ್ಜಿದಲ್ಲಿ ಹೊಳೆಯುತ್ತಿತ್ತು. ಫುಸಾಯೆ ಬೇಗ ಕೈ ಚಾಚಲಿಲ್ಲ. ಅವನು ಹಾಗೇ ನಿಂತ. ಸುಜು ಬಾಣಲೆಯನ್ನು ಒಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು.

ಅವಳು ಹಗ್ಗ ಹಿಡಿದಳು. ಅವನು ತಿರುಗಿ, ಎರಡೂ ಕೈ ಬರಿದಾಗಿ, ಬಂದ ದಾರಿಯಲ್ಲೇ ಇಳಿದು ಹೋದ.